ಗಡಿಯಾಚೆಗಿನ ಮಕ್ಕಳಿಗೆ ಪಿಸ್ತೂಲು: ಅಮೆರಿಕದ ಒಂದು ಕಾನೂನಿನ ಚರಿತ್ರೆ

ಟೆಕ್ಸಾಸ್‌ನಲ್ಲಿ ವಾಸವಿರುವ ತಂದೆ ಓಹಾಯೋದಲ್ಲಿ ನೆಲೆಸಿದ ಮಗಳ ಕೈಗೆ ತನ್ನ ಪಿಸ್ತೂಲನ್ನು ಉಡುಗೊರೆಯಾಗಿ ನೇರವಾಗಿ ಕೊಟ್ಟರೆ ಅಮೆರಿಕದ ಒಕ್ಕೂಟ ಕಾನೂನಿನಡಿ ಅದು ಅಪರಾಧ. ಅದನ್ನೇ ಆತ ಉಯಿಲಿನಲ್ಲಿ ಬರೆದಿಟ್ಟು ತೀರಿಕೊಂಡರೆ, ಓಹಾಯೋದಲ್ಲಿ ಬಂದೂಕು ಇಟ್ಟುಕೊಳ್ಳಲು ಅರ್ಹಳಾದ ಮಗಳು ತಾನೇ ಒಯ್ಯಬಹುದು. ಬದುಕಿರುವಾಗಲೇ ಕೊಡಬೇಕೆಂದರೆ ಪಿಸ್ತೂಲು ಮೊದಲು ಓಹಾಯೋದ ಪರವಾನಗಿದಾರ ವ್ಯಾಪಾರಿಯ ಬಳಿಗೆ ಹೋಗಬೇಕು; ಮಗಳು ಅಲ್ಲಿ 4473 ಸಂಖ್ಯೆಯ ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಪಡೆಯಬೇಕು. ಸಾವಿನ ನಂತರ ಸಿಗುವ ವಿನಾಯಿತಿ ಬದುಕಿದ್ದಾಗ ಏಕಿಲ್ಲ? ಮನೆಯ ಉಡುಗೊರೆಯನ್ನು ತಡೆಯಬೇಕೆಂದು ಯಾರೂ ಹೋರಾಡಿರಲಿಲ್ಲ. ದೂರದ ಅಪರಿಚಿತರಿಗೆ ಬಂದೂಕು ರವಾನಿಸುವ ವ್ಯಾಪಾರವನ್ನು ಹಿಡಿಯಲು ಬೀಸಿದ ಬಲೆಯೊಳಗೆ ಅದೂ ಸಿಕ್ಕಿಕೊಂಡಿತು ಎಂಬುದು ನನ್ನ ವಾದ.

1927ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್, ಮೈಮೇಲೆ ಬಚ್ಚಿಡಬಹುದಾದ ಬಂದೂಕುಗಳನ್ನು ಅಂಚೆಯಲ್ಲಿ ಕಳಿಸುವುದನ್ನು ನಿಷೇಧಿಸಿತು. ನಿಷೇಧ ಸರ್ಕಾರಿ ಅಂಚೆಗಷ್ಟೇ ಅನ್ವಯಿಸಿದ್ದರಿಂದ ಖಾಸಗಿ ಸಾಗಣೆ ಕಂಪನಿಗಳ ದಾರಿ ತೆರೆದೇ ಇತ್ತು. 1934ರ ಕಾಯ್ದೆಯ ಮೂಲ ಕರಡಿನಲ್ಲಿ ಪಿಸ್ತೂಲು, ರಿವಾಲ್ವರ್‌ಗಳೂ ಸೇರಿದ್ದವು. ಅಂತಿಮ ರೂಪದಲ್ಲಿ ಅವನ್ನು ಕೈಬಿಟ್ಟು ಮೆಷಿನ್ ಗನ್ನಿನಂಥವುಗಳ ಮೇಲೆ 200 ಡಾಲರ್ ತೆರಿಗೆ ಹಾಕಿದರು. 1938ರ ಕಾಯ್ದೆ ವ್ಯಾಪಾರಿಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಅದರ ವಾರ್ಷಿಕ ಶುಲ್ಕ 1 ಡಾಲರ್.

ತೆರೆದೇ ಉಳಿದಿದ್ದ ಆ ದಾರಿಯ ಬೆಲೆ ತಿಳಿದದ್ದು 1963ರಲ್ಲಿ. ಅಧ್ಯಕ್ಷ ಕೆನಡಿಯ ಹತ್ಯೆಗೆ ಬಳಸಿದ ರೈಫಲನ್ನು (ಬಚ್ಚಿಡಲಾಗದ ರೈಫಲಿಗೆ ಅಂಚೆಯ ನಿಷೇಧವಿರಲಿಲ್ಲ) ಹಂತಕ ಓಸ್ವಾಲ್ಡ್ ಸುಳ್ಳು ಹೆಸರಿನಲ್ಲಿ ಷಿಕಾಗೋದ ಅಂಗಡಿಯಿಂದ ಅಂಚೆಯ ಮೂಲಕವೇ ತರಿಸಿದ್ದ. ಹತ್ಯೆಯ ದಿನವೇ ಆತ ಪೊಲೀಸ್ ಅಧಿಕಾರಿ ಟಿಪ್ಪಿಟ್ ಅವರನ್ನು ಕೊಂದ ರಿವಾಲ್ವರ್ ಬಂದದ್ದು ಲಾಸ್ ಏಂಜಲೀಸ್‌ನಿಂದ, ರೈಲ್ವೇ ಎಕ್ಸ್‌ಪ್ರೆಸ್ ಎಂಬ ಸಾಗಣೆ ಸಂಸ್ಥೆಯ ಮೂಲಕ. ಈ ವಿವರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ: ಅಂಚೆಗೆ ಹಾಕಿದ 1927ರ ಬೀಗವನ್ನು ಯಾರೂ ಮುರಿಯಬೇಕಾಗಿರಲಿಲ್ಲ.

ಕನೆಕ್ಟಿಕಟ್‌ನ ಸೆನೆಟರ್ ಥಾಮಸ್ ಡಾಡ್ ಇಂಥ ಮಾರಾಟಕ್ಕೆ ಕಡಿವಾಣ ಹಾಕುವ ಮಸೂದೆಯನ್ನು ಆ ಹತ್ಯೆಗೆ ಮೊದಲೇ, 1963ರ ಆಗಸ್ಟ್‌ನಲ್ಲಿ ಮಂಡಿಸಿದ್ದರು. ಅದು ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದರು. ಜೂನ್‌ನಲ್ಲೇ ಪಿಸ್ತೂಲುಗಳ ಅಂತರರಾಜ್ಯ ಮಾರಾಟಕ್ಕೆ ತಡೆ ಬಿತ್ತು. ಅಕ್ಟೋಬರ್ 22ರಂದು ಅಧ್ಯಕ್ಷ ಜಾನ್ಸನ್ ಸಹಿ ಮಾಡಿದ ಬಂದೂಕು ನಿಯಂತ್ರಣ ಕಾಯ್ದೆ ಆ ತಡೆಯನ್ನು ರೈಫಲುಗಳಿಗೂ ವಿಸ್ತರಿಸಿತು. ಪರವಾನಗಿಯಿಲ್ಲದ ವ್ಯಕ್ತಿ ಬೇರೆ ರಾಜ್ಯದ ನಿವಾಸಿಗೆ ಬಂದೂಕನ್ನು ಮಾರುವುದು ಮಾತ್ರವಲ್ಲ, ಸುಮ್ಮನೆ ಕೊಡುವುದೂ ನಿಷಿದ್ಧವಾಯಿತು. ಉತ್ತರಾಧಿಕಾರ ಮತ್ತು ಕ್ರೀಡೆಗಾಗಿ ತಾತ್ಕಾಲಿಕ ಎರವಲು, ಇವೆರಡಕ್ಕೆ ವಿನಾಯಿತಿ. ಬದುಕಿರುವ ಬಂಧುಗಳ ಪ್ರಸ್ತಾಪವೇ ಇಲ್ಲ.

1986ರ ತಿದ್ದುಪಡಿ ಹೊರರಾಜ್ಯದ ವ್ಯಾಪಾರಿಯಿಂದ ರೈಫಲ್ ಕೊಳ್ಳುವುದನ್ನು ಸಲೀಸಾಗಿಸಿತು. ಪಿಸ್ತೂಲಿನ ನಿಯಮ ಸಡಿಲವಾಗಲಿಲ್ಲ. 1993ರ ಬ್ರೇಡಿ ಕಾಯ್ದೆಯ ಫಲವಾಗಿ 1998ರಿಂದ ರಾಷ್ಟ್ರವ್ಯಾಪಿ ತ್ವರಿತ ಹಿನ್ನೆಲೆ ತಪಾಸಣೆ ಜಾರಿಗೆ ಬಂತು.

ಕುಟುಂಬ ಮತ್ತು ಗಡಿ ಮುಖಾಮುಖಿಯಾದ ಸ್ಪಷ್ಟ ನಿದರ್ಶನ ಅಬ್ರಾಮ್ಸ್ಕಿ ಪ್ರಕರಣ. ವರ್ಜೀನಿಯಾದ ಈ ಮಾಜಿ ಪೊಲೀಸ್ 2009ರಲ್ಲಿ ಪೆನ್ಸಿಲ್ವೇನಿಯಾದಲ್ಲಿದ್ದ ತನ್ನ ಅಂಕಲ್‌ಗಾಗಿ ಗ್ಲಾಕ್ ಪಿಸ್ತೂಲು ಕೊಂಡ. ಅಂಕಲ್ 400 ಡಾಲರ್ ಚೆಕ್ ಮುಂಚಿತವಾಗಿಯೇ ಕಳಿಸಿದ್ದರು. ಪಿಸ್ತೂಲು ಪೆನ್ಸಿಲ್ವೇನಿಯಾದ ವ್ಯಾಪಾರಿಯ ಮೂಲಕವೇ ಹಸ್ತಾಂತರವಾಯಿತು. ಇಬ್ಬರೂ ಬಂದೂಕು ಹೊಂದಲು ಅರ್ಹರು. ಆದರೂ ನಮೂನೆಯಲ್ಲಿ ತಾನೇ ನಿಜವಾದ ಖರೀದಿದಾರನೆಂದು ಬರೆದದ್ದು ಅಪರಾಧವೆಂದು 2014ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ತೀರ್ಪಿತ್ತಿತು. ಬಹುಮತದ ಪರ ಬರೆದವರು ನ್ಯಾಯಮೂರ್ತಿ ಕೇಗನ್. ಭಿನ್ನಮತ ನ್ಯಾಯಮೂರ್ತಿ ಸ್ಕಾಲಿಯಾ ಅವರದು. ಸ್ವಂತ ಹಣದಲ್ಲಿ ಕೊಂಡು ಉಡುಗೊರೆ ಕೊಡುವವನನ್ನು ಆ ನಮೂನೆಯೇ ನಿಜವಾದ ಖರೀದಿದಾರನೆಂದು ಒಪ್ಪುತ್ತದೆ. ಅಂದರೆ ಆತ ಎಡವಿದ್ದು ಗಡಿಯಲ್ಲಲ್ಲ, ಆ ಚೆಕ್ಕಿನಲ್ಲಿ. ಶಿಕ್ಷೆ ಕಠಿಣವೆನಿಸಿದರೂ, ಬಂದೂಕು ಯಾರ ಕೈ ಸೇರುತ್ತದೆಂಬ ದಾಖಲೆಯನ್ನೇ ನೆಚ್ಚಿದ 1968ರ ಆಶಯಕ್ಕೆ ಈ ತೀರ್ಪು ಹತ್ತಿರವಾಗಿದೆ ಎಂದೇ ನನ್ನ ಅಭಿಪ್ರಾಯ.

ರಾಜ್ಯಗಳು ನಂಟನ್ನು ಬೇರೆ ರೀತಿ ಕಂಡಿವೆ. ಅದೇ 2014ರ ನವೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಮತದಾರರು ಖಾಸಗಿ ಹಸ್ತಾಂತರಗಳಿಗೂ ತಪಾಸಣೆ ಕಡ್ಡಾಯ ಮಾಡಿದರು. ಆದರೆ ಗಂಡ-ಹೆಂಡತಿ, ತಂದೆತಾಯಿ, ಒಡಹುಟ್ಟಿದವರು, ಮೊಮ್ಮಕ್ಕಳು, ಸೋದರಳಿಯಂದಿರ ನಡುವಿನ ನಿಜವಾದ ಉಡುಗೊರೆಗಳನ್ನು ಹೊರಗಿಟ್ಟರು. ಆ ಸೋದರಳಿಯ ಪಕ್ಕದ ಓರೆಗಾನ್‌ನ ನಿವಾಸಿಯಾಗಿದ್ದರೆ ಈ ವಿನಾಯಿತಿ ನೆರವಿಗೆ ಬರುವುದಿಲ್ಲ. ಪಿಸ್ತೂಲು ಓರೆಗಾನ್‌ನ ವ್ಯಾಪಾರಿಯ ಕೈದಾಟಿಯೇ ಅವನನ್ನು ತಲುಪಬೇಕು.