ಎರಡು ಸರಕಾರಗಳ ಹಣ, ಒಂದು ಕನ್ನಡ ಕಾದಂಬರಿ

ಹಿಂಜವಾಡಿಯಲ್ಲಿ ನೆಲೆಸಿದ ಕನ್ನಡಿಗರಾದ ನಮ್ಮ ನಡುವೆ ವಿದೇಶಿ ಸರಕಾರಗಳ ಫೆಲೋಶಿಪ್ಪಿನ ಮಾತು ಬಂದಾಗಲೆಲ್ಲ ಎರಡು ನಿಲುವುಗಳು ಎದುರಾಗುತ್ತವೆ: ಅದು ವಿದ್ಯಾದಾನ, ಇಲ್ಲವೇ ಗಾಳ. ಇತಿಹಾಸ ಇವೆರಡನ್ನೂ ಪೂರ್ತಿಯಾಗಿ ಒಪ್ಪುವುದಿಲ್ಲ.

ಇದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಅಭ್ಯಸಿಸಿದ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ತೆರಳಿದರು. 1946ರ ಆ ಯೋಜನೆಗೆ ಮೂಲಧನ ಒದಗಿದ್ದು ಮಹಾಯುದ್ಧದ ಬಳಿಕ ವಿದೇಶಗಳಲ್ಲಿ ಉಳಿದಿದ್ದ ಅಮೆರಿಕದ ಸಾಮಗ್ರಿಯ ಮಾರಾಟದಿಂದ. ಭಾರತ 1950ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಶೀತಲ ಸಮರದ ದಿನಗಳಲ್ಲಿ ಅಲಿಪ್ತ ದೇಶದ ವಿದ್ಯಾವಂತರ ಒಲವು ಗಳಿಸುವುದೂ ಅದರ ಉದ್ದೇಶವಾಗಿತ್ತು.

ಸಾಮ್ರಾಜ್ಯ ಕರಗುತ್ತಿದ್ದ ಬ್ರಿಟನ್ನಿಗೂ ಹಳೆಯ ನಂಟು ಬೇಕಿತ್ತು. 1959ರ ಆಕ್ಸ್‌ಫರ್ಡ್ ಸಮ್ಮೇಳನದಲ್ಲಿ ರೂಪುಗೊಂಡ ಕಾಮನ್‌ವೆಲ್ತ್ ಯೋಜನೆಯಡಿ ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ಕುಳಿತು ಅವರು ಮಲೆನಾಡಿನ ಅಗ್ರಹಾರವೊಂದರ ಕಥೆಯನ್ನು ಕನ್ನಡದಲ್ಲಿ ಬರೆದರು. ಅದೇ ‘ಸಂಸ್ಕಾರ’ (1965). 1976ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ರಾಮಾನುಜನ್.

ಹಾಗೆಂದು ಲೆಕ್ಕ ಚುಕ್ತಾ ಆಗದು. ಅನಂತಮೂರ್ತಿ ಮೈಸೂರಿಗೆ ಮರಳಿದರು. ರಾಮಾನುಜನ್ 1993ರಲ್ಲಿ ತೀರಿಕೊಳ್ಳುವವರೆಗೂ ಶಿಕಾಗೋದ ಪ್ರಾಧ್ಯಾಪಕರಾಗಿಯೇ ಉಳಿದರು. ಅವರಿಂದ ನಮ್ಮ ವಚನಗಳು ಲೋಕವನ್ನು ತಲುಪಿದವು. ಬೆಳಗಾವಿಯಲ್ಲಿ ಪಾಠ ಹೇಳಿದ್ದ ಮೇಷ್ಟ್ರು ಮಾತ್ರ ಅಮೆರಿಕಕ್ಕೆ ಸಂದರು.

2008ರಲ್ಲಿ ಭಾರತ ಫುಲ್‌ಬ್ರೈಟ್ ವೆಚ್ಚದ ಸಮಪಾಲು ಹೊರಲು ಒಪ್ಪಿತು. ಯೋಜನೆಗೆ ನೆಹರೂ ಹೆಸರೂ ಸೇರಿತು. ಇಂದು ಅರ್ಜಿ ಹಾಕುವ ತರುಣರನ್ನು ನಾವು ತಡೆಯಬೇಕಿಲ್ಲ. ಕೊಡುವವರ ಉದ್ದೇಶವನ್ನು ಅರಿತು ಹೋಗಲಿ, ಕನ್ನಡವನ್ನು ಹೊತ್ತು ಹೋಗಲಿ ಎಂಬುದಷ್ಟೇ ನಮ್ಮ ಮಾತು.