ಟ್ರಂಕಿನಿಂದ ಸೂಟ್‌ಕೇಸಿಗೆ: ಗಟ್ಟಿತನದ ಕಥೆ

ಸೂಟ್‌ಕೇಸ್ ಎಂದರೆ ಸೂಟು ಇಡುವ ಪೆಟ್ಟಿಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಾಶ್ಚಾತ್ಯ ಪ್ರಯಾಣಿಕರು ತಮ್ಮ ಉಡುಪು ಮುದುಡದಂತೆ ಒಯ್ಯಲು ಬಳಸಿದ ಚಪ್ಪಟೆ ಪೆಟ್ಟಿಗೆಗೆ ಬಂದ ಹೆಸರು ಇದು. ಈಗ ಅದರೊಳಗೆ ರೇಷ್ಮೆ ಸೀರೆ, ಹಪ್ಪಳ, ಚಟ್ನಿಪುಡಿ, ಮಕ್ಕಳ ಆಟಿಕೆ ಎಲ್ಲವೂ ಹೋಗುತ್ತವೆ. ಸೂಟು ಮಾತ್ರ ಅಪರೂಪ. ಅದನ್ನು ಕೊಳ್ಳಲು ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ ‘ಗಟ್ಟಿಯಾಗಿದೆಯೇ?’ ಎಂಬುದು. ಬೆರಳಿನಿಂದ ತಟ್ಟಿ, ಅಂಗೈಯಿಂದ ಒತ್ತಿ ನೋಡುವುದೂ ಉಂಟು. ಆದರೆ ಗಟ್ಟಿ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಕಳೆದ 150 ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಪೆಟ್ಟಿಗೆಯನ್ನು ಎತ್ತುವವರು ಯಾರು ಎಂಬುದು ಬದಲಾದಂತೆಲ್ಲ ಪೆಟ್ಟಿಗೆಯ ರೂಪವೂ ಬದಲಾಗಿದೆ.

ಕುದುರೆ ಗಾಡಿಗಳ ಕಾಲದ ಯೂರೋಪಿನ ಟ್ರಂಕುಗಳ ಮುಚ್ಚಳ ಉಬ್ಬಾಗಿರುತ್ತಿತ್ತು. ಗಾಡಿಯ ಮೇಲೆ ಕಟ್ಟಿದಾಗ ಮಳೆನೀರು ಜಾರಿಹೋಗಲು ಅದು ಅನುಕೂಲ. ಆದರೆ ಹಡಗಿನಲ್ಲಾಗಲಿ ರೈಲಿನಲ್ಲಾಗಲಿ ಅಂಥ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುವುದು ಕಷ್ಟ. 1854ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದ ಲೂಯಿ ವಿಟಾನ್ ಎಂಬ ಪೆಟ್ಟಿಗೆ ಕುಶಲಕರ್ಮಿ 1858ರಲ್ಲಿ ಚಪ್ಪಟೆ ಮುಚ್ಚಳದ, ನೀರು ಹೀರದ ಕ್ಯಾನ್ವಾಸು ಹೊದಿಸಿದ ಟ್ರಂಕನ್ನು ತಂದ. ಹಡಗು ಮತ್ತು ರೈಲಿನ ಅಗತ್ಯಕ್ಕೆ ಪೆಟ್ಟಿಗೆ ಹೊಂದಿಕೊಂಡ ಪರಿ ಇದು. ಭಾರದ ಚಿಂತೆ ಆಗ ಪ್ರಯಾಣಿಕನಿಗೆ ಇರಲಿಲ್ಲ. ಹೊರುವುದು ಆಳುಗಳ ಕೆಲಸವಾಗಿತ್ತು.

ನಮ್ಮಲ್ಲಿಯೂ ಸ್ಥಿತಿ ಬೇರೆಯಿರಲಿಲ್ಲ. ರೈಲು ಪ್ರಯಾಣವೆಂದರೆ ತಗಡಿನ ಟ್ರಂಕು ಮತ್ತು ಹಾಸಿಗೆ ಸುತ್ತಿದ ಹೋಲ್ಡಾಲು. ನಿಲ್ದಾಣದಲ್ಲಿ ಕೆಂಪು ಅಂಗಿಯ ಹಮಾಲಿಗಳು ಅವನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರು. ಆ ಟ್ರಂಕು ಮನೆಯಲ್ಲಿ ಬೀರುವೂ ಆಗುತ್ತಿತ್ತು, ರೈಲಿನಲ್ಲಿ ಪೀಠವೂ ಆಗುತ್ತಿತ್ತು. ‘ಗಟ್ಟಿ’ ಎಂದರೆ ‘ಭಾರ’ ಎಂಬ ನಂಬಿಕೆ ನಮ್ಮಲ್ಲಿ ಬೇರೂರಲು ಆ ಟ್ರಂಕೂ ಒಂದು ಕಾರಣವಿರಬೇಕು.

ಅಮೆರಿಕದ ಡೆನ್ವರ್ ನಗರದಲ್ಲಿ 1910ರಲ್ಲಿ ಟ್ರಂಕು ಕಾರ್ಖಾನೆ ಆರಂಭಿಸಿದ ಜೆಸ್ಸಿ ಶ್ವೇಡರ್ ಈ ನಂಬಿಕೆಯನ್ನೇ ಜಾಹೀರಾತಾಗಿ ಮಾಡಿದ. ಪೆಟ್ಟಿಗೆಯ ಮೇಲೆ ಹಲಗೆಯಿಟ್ಟು, ಅದರ ಮೇಲೆ ತನ್ನ ತಂದೆ ಮತ್ತು ಸಹೋದರರೊಡನೆ ನಿಂತು ತೆಗೆಸಿದ ಫೋಟೋ ಹೆಸರುವಾಸಿಯಾಯಿತು. ಬೈಬಲಿನ ಬಲಶಾಲಿ ಸ್ಯಾಮ್ಸನ್ನನ ಹೆಸರನ್ನು ತನ್ನ ಪೆಟ್ಟಿಗೆಗೆ ಇಟ್ಟವನೂ ಅವನೇ. ಮುಂದೆ ಅದೇ ಸ್ಯಾಮ್ಸೊನೈಟ್ ಆಯಿತು. ಮೇಲೆ ನಿಂತರೂ ಕುಸಿಯಬಾರದು ಎಂಬುದು ಆ ಕಾಲದ ಗಟ್ಟಿತನದ ಪರೀಕ್ಷೆ.

ವಿಮಾನ ಬಂದ ಮೇಲೆ ಈ ಪರೀಕ್ಷೆಯೊಂದೇ ಸಾಲದಾಯಿತು. ಆಕಾಶದಲ್ಲಿ ಪ್ರತಿ ಕಿಲೋ ಭಾರಕ್ಕೂ ಇಂಧನ ಸುಡಬೇಕು. ಹೀಗಾಗಿ ಪೆಟ್ಟಿಗೆ ತಕ್ಕಡಿಗೆ ಏರಿತು. ಖಾಲಿ ಪೆಟ್ಟಿಗೆಯೇ ಏಳೆಂಟು ಕಿಲೋ ತೂಗಿದರೆ ಪ್ರಯಾಣಿಕನ ಸಾಮಾನಿಗೆ ಅಷ್ಟು ಜಾಗ ಕಡಿಮೆಯಾಯಿತು ಎಂದೇ ಅರ್ಥ. ವಿಮಾನ ತಯಾರಿಕೆಯಲ್ಲಿ ಹೆಸರು ಮಾಡಿದ್ದ ಅಲ್ಯೂಮಿನಿಯಂ ಆಗ ಪೆಟ್ಟಿಗೆಗೂ ಒದಗಿತು. ಜರ್ಮನಿಯ ಕೊಲೋನ್‌ನ ರಿಮೋವಾ ಕಂಪನಿ 1937ರಲ್ಲಿ ಅಲ್ಯೂಮಿನಿಯಂ ಟ್ರಂಕು ತಯಾರಿಸಿತು. ಮರುವರ್ಷ ಅಮೆರಿಕದ ತೈಲೋದ್ಯಮಿ ಅರ್ಲ್ ಹ್ಯಾಲಿಬರ್ಟನ್ ತೈಲಕ್ಷೇತ್ರಗಳ ದೂಳು ಒಳನುಗ್ಗದಂಥ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಮಾಡಿಸಿದ. ರಿಮೋವಾ ಪೆಟ್ಟಿಗೆಯ ಮೈಮೇಲೆ 1950ರಿಂದ ಕಾಣಿಸಿಕೊಂಡ ಉದ್ದುದ್ದ ಗೀರುಗಳಿಗೆ ಯುಂಕರ್ಸ್ ವಿಮಾನಗಳ ಹೊರಮೈಯೇ ಸ್ಫೂರ್ತಿ. ಇದು ಬರಿಯ ಅಲಂಕಾರವಲ್ಲ. ಮನೆಯ ಮಾಡಿಗೆ ಹೊದಿಸುವ ತಗಡನ್ನು ಅಲೆಅಲೆಯಾಗಿ ಮಡಿಸಿದರೆ ಅದು ಬಾಗದೆ ನಿಲ್ಲುವಂತೆ, ತೆಳು ಹಾಳೆಗೆ ಏರಿಳಿತ ಕೊಟ್ಟರೆ ಭಾರ ಹೆಚ್ಚದೆಯೇ ಬಿಗಿತನ ಬರುತ್ತದೆ. ಆದರೂ ಅಲ್ಯೂಮಿನಿಯಮ್ಮಿಗೆ ಒಂದು ದೌರ್ಬಲ್ಯವಿದೆ. ಏಟು ಬಿದ್ದರೆ ಪಾತ್ರೆಯ ಹಾಗೆ ನೆಗ್ಗುತ್ತದೆ, ನೆಗ್ಗಿದ್ದು ತಾನಾಗಿ ಸರಿಹೋಗುವುದಿಲ್ಲ.

ಈ ಕೊರತೆಯನ್ನು ತುಂಬಿದ್ದು ಪ್ಲಾಸ್ಟಿಕ್. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಚ್ಚಿನಲ್ಲಿ ತೆಗೆದ ಪೆಟ್ಟಿಗೆಗಳು ಬಂದವು. ಭಾರತದಲ್ಲಿ 1971ರಲ್ಲಿ ಮಾರುಕಟ್ಟೆಗೆ ಬಂದ ವಿಐಪಿ ಎಷ್ಟು ಬಳಕೆಗೆ ಬಂತೆಂದರೆ, ಮದುವೆಯ ಉಡುಗೊರೆಗಳ ಸಾಲಿನಲ್ಲಿ ಸೂಟ್‌ಕೇಸಿಗೂ ಒಂದು ಸ್ಥಾನ ದೊರೆಯಿತು. ಪ್ಲಾಸ್ಟಿಕ್‌ಗಳಲ್ಲೂ ಮೂರು ಬಗೆ ಮುಖ್ಯ. ಎಬಿಎಸ್ ಬಿಗಿಯಾದದ್ದು, ಅಗ್ಗವಾದದ್ದು, ಆದರೆ ಜೋರು ಏಟಿಗೆ ಸೀಳು ಬಿಡುವುದು ಬೇಗ. ಪಾಲಿಪ್ರೊಪಿಲೀನ್ ನಾವು ದಿನವೂ ಕೂರುವ ಅಚ್ಚಿನ ಕುರ್ಚಿಯ ಪ್ಲಾಸ್ಟಿಕ್. ಹಗುರ, ಬಾಗಿದರೂ ಸುಲಭಕ್ಕೆ ಒಡೆಯದು. ಪಾಲಿಕಾರ್ಬೊನೇಟ್ ಗಲಭೆಯ ವೇಳೆ ಪೊಲೀಸರು ಹಿಡಿಯುವ ಪಾರದರ್ಶಕ ಗುರಾಣಿಯ ವಸ್ತು. 2000ದಿಂದೀಚೆಗೆ ಸೂಟ್‌ಕೇಸುಗಳಲ್ಲಿ ಬಳಕೆಗೆ ಬಂತು. ಅಂಗೈಯಿಂದ ಒತ್ತಿದರೆ ಇದು ಒಳಸರಿಯುತ್ತದೆ, ಕೈ ತೆಗೆದರೆ ಮೊದಲಿನಂತಾಗುತ್ತದೆ. ಅಂಗಡಿಯಲ್ಲಿ ಇದನ್ನು ಒತ್ತಿ ನೋಡಿ ‘ತೆಳುವಾಗಿದೆ’ ಎಂದು ಬದಿಗಿಡುವವರು ಹಳೆಯ ಟ್ರಂಕಿನ ಅಳತೆಗೋಲನ್ನೇ ಹಿಡಿದಿರುತ್ತಾರೆ. ಬಿರುಗಾಳಿಗೆ ಮರ ಉರುಳಿದರೂ ಬಿದಿರು ಬಾಗಿ ಉಳಿಯುವ ನ್ಯಾಯ ಇಲ್ಲಿಯೂ ಅನ್ವಯಿಸುತ್ತದೆ.

ಇನ್ನು ಚಕ್ರದ ಕಥೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮರುವರ್ಷ, 1970ರಲ್ಲಿ, ಬರ್ನಾರ್ಡ್ ಸ್ಯಾಡೊ ಎಂಬ ಅಮೆರಿಕದ ಸೂಟ್‌ಕೇಸ್ ಉದ್ಯಮಿ ರಜೆ ಮುಗಿಸಿ ಮರಳುವಾಗ ವಿಮಾನ ನಿಲ್ದಾಣದಲ್ಲಿ ಎರಡು ದೊಡ್ಡ ಪೆಟ್ಟಿಗೆಗಳೊಡನೆ ಒದ್ದಾಡುತ್ತಿದ್ದ. ಪಕ್ಕದಲ್ಲೇ ಕೆಲಸಗಾರನೊಬ್ಬ ಭಾರೀ ಯಂತ್ರವೊಂದನ್ನು ಚಕ್ರದ ಹಲಗೆಯ ಮೇಲೆ ಸಲೀಸಾಗಿ ತಳ್ಳಿಕೊಂಡು ಹೋಗುವುದನ್ನು ಕಂಡು ಅವನಿಗೆ ಉಪಾಯ ಹೊಳೆಯಿತು. 1972ರಲ್ಲಿ ಪೇಟೆಂಟ್ ದೊರೆಯಿತು. ಮೊದಮೊದಲು ಅಂಗಡಿಗಳು ಅದನ್ನು ಒಪ್ಪಲಿಲ್ಲ. ಪೆಟ್ಟಿಗೆಯನ್ನು ಎಳೆದುಕೊಂಡು ಹೋಗುವುದು ಗಂಡಸುತನಕ್ಕೆ ಕಡಿಮೆ ಎಂಬ ಭಾವನೆ ಅಡ್ಡಬಂತು. ಅದಕ್ಕೂ ಮೊದಲು ಚಕ್ರ ಜೋಡಿಸುವ ಪ್ರಯತ್ನಗಳು ನಡೆದಿದ್ದವು, ನೆಲೆಗೊಂಡಿರಲಿಲ್ಲ. ಸ್ಯಾಡೊನ ಪೆಟ್ಟಿಗೆ ಮಲಗಿದ ಭಂಗಿಯಲ್ಲಿದ್ದು ಪಟ್ಟಿ ಹಿಡಿದು ಎಳೆಯಬೇಕಾಗಿತ್ತು, ತಿರುವಿನಲ್ಲಿ ಓಲಾಡುತ್ತಿತ್ತು. ಅದನ್ನು ನಿಲ್ಲಿಸಿ, ಎರಡು ಚಕ್ರ ಹಾಗೂ ಮೇಲಕ್ಕೆಳೆಯುವ ಉದ್ದ ಹಿಡಿಕೆ ಕೊಟ್ಟವನು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ, 1987ರಲ್ಲಿ. ದಿನವೂ ಹಾರುವವನ ಕಷ್ಟ ದಿನವೂ ಹಾರುವವನಿಗೇ ತಿಳಿದಿತ್ತು. ವಿಮಾನ ಸಿಬ್ಬಂದಿಯ ಕೈಯಲ್ಲಿ ಅದನ್ನು ಕಂಡ ಪ್ರಯಾಣಿಕರು ತಮಗೂ ಬೇಕೆಂದರು.

ಹೀಗೆ ಹೊರುವ ಕೆಲಸ ಆಳಿನಿಂದ ಪ್ರಯಾಣಿಕನಿಗೆ ವರ್ಗವಾಯಿತು. ಆದರೆ ನಿಲ್ದಾಣದ ಕೌಂಟರಿನಲ್ಲಿ ಕೊಟ್ಟ ಪೆಟ್ಟಿಗೆ ಕಣ್ಮರೆಯಾದ ಮೇಲೆ ಏನಾಗುತ್ತದೆ? ಅದು ಚಲಿಸುವ ಪಟ್ಟಿಯ ಮೇಲೆ ಸಾಗಿ, ತಿರುವುಗಳಲ್ಲಿ ತಳ್ಳಿಸಿಕೊಂಡು, ಇಳಿಜಾರಿನಲ್ಲಿ ಜಾರಿ, ಟ್ರಾಲಿ ಏರಿ ವಿಮಾನದ ಬಳಿ ಬರುತ್ತದೆ. ದೊಡ್ಡ ವಿಮಾನಗಳಲ್ಲಿ ಅದನ್ನು ಕಂಟೇನರುಗಳಲ್ಲಿ ಪೇರಿಸುತ್ತಾರೆ. ಬೋಯಿಂಗ್ 737ರಂಥ ವಿಮಾನಗಳಲ್ಲಿ ತಗ್ಗಾದ ಸರಕು ಅಂಕಣದೊಳಗೆ ಕೆಲಸಗಾರರು ಮೊಣಕಾಲೂರಿ, ಒಂದೊಂದೇ ಪೆಟ್ಟಿಗೆಯನ್ನು ಕೈಯಿಂದ ಜೋಡಿಸಬೇಕು. ಒಂದು ಪೆಟ್ಟಿಗೆ 32 ಕಿಲೋ ಮೀರಬಾರದೆಂಬ, ಬಹುತೇಕ ವಿಮಾನ ಸಂಸ್ಥೆಗಳ ನಿಯಮದ ಹಿಂದೆ ಇರುವುದು ಈ ಕೆಲಸಗಾರರ ಬೆನ್ನು. ಹಮಾಲಿ ಕಣ್ಮರೆಯಾಗಿಲ್ಲ, ಪ್ರಯಾಣಿಕನ ಕಣ್ಣಿಗೆ ಮರೆಯಾಗಿದ್ದಾನೆ ಅಷ್ಟೆ.

ಈ ಹಾದಿಯಲ್ಲಿ ಪೆಟ್ಟಿಗೆಯ ಮೈಗಿಂತ ಮೊದಲು ಸೋಲುವುದು ಅದರ ಅಂಗಗಳು. ಆದ್ದರಿಂದ ಪದೇ ಪದೇ ವಿಮಾನ ಏರುವವರು ನೋಡಬೇಕಾದದ್ದು ಚಕ್ರ, ಹಿಡಿಕೆ, ಜಿಪ್ಪು ಮತ್ತು ಮೂಲೆಗಳನ್ನು. ನಾಲ್ಕು ಚಕ್ರದ ಪೆಟ್ಟಿಗೆ ನುಣುಪು ನೆಲದ ಮೇಲೆ ಬೆರಳಿನಲ್ಲಿ ತಳ್ಳಿದರೂ ಓಡುತ್ತದೆ, ಆದರೆ ಹೊರಚಾಚಿದ ಆ ಚಕ್ರಗಳೇ ಮೊದಲು ಏಟು ತಿನ್ನುತ್ತವೆ. ಅರ್ಧ ಮೈಯೊಳಗೆ ಹುದುಗಿದ ಎರಡು ದೊಡ್ಡ ಚಕ್ರಗಳು ನಮ್ಮ ಬಸ್ ನಿಲ್ದಾಣದ ಒರಟು ನೆಲಕ್ಕೂ ತಾಳುತ್ತವೆ. ಚಕ್ರವನ್ನು ಸ್ಕ್ರೂನಿಂದ ಕೂರಿಸಿದ್ದರೆ ಮುರಿದಾಗ ಬದಲಿಸಬಹುದು, ರಿವೆಟ್ ಹೊಡೆದಿದ್ದರೆ ಅದು ಅಷ್ಟು ಸುಲಭವಲ್ಲ. ಹಿಡಿಕೆಯನ್ನು ಪೂರ್ತಿ ಎಳೆದು ಅಲುಗಿಸಿದಾಗ ಸಡಿಲವೆನಿಸಬಾರದು. ಬಟ್ಟೆಯ ಪೆಟ್ಟಿಗೆಯಾದರೆ ‘ಡೆನಿಯರ್’ ಸಂಖ್ಯೆ ನೋಡುವುದುಂಟು: 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬುದೇ ಡೆನಿಯರ್. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ಆದರೆ ದಪ್ಪ ಪಾಲಿಯೆಸ್ಟರಿಗಿಂತ ಅಷ್ಟೇ ದಪ್ಪದ ನೈಲಾನು ಸವೆತ ತಡೆಯುವುದರಲ್ಲಿ ಸಾಮಾನ್ಯವಾಗಿ ಮೇಲು ಎಂಬುದನ್ನೂ ಮರೆಯಬಾರದು.

ಪೆಟ್ಟಿಗೆ ಒಡೆದರೆ ಹೊಣೆ ಯಾರದು? ಅಂತಾರಾಷ್ಟ್ರೀಯ ವಿಮಾನಯಾನದಲ್ಲಿ ಇದಕ್ಕೆ ಮೊದಲು ಉತ್ತರ ಕೊಟ್ಟದ್ದು 1929ರ ವಾರ್ಸಾ ಒಪ್ಪಂದ. ಅದು ಪರಿಹಾರದ ಮಿತಿಯನ್ನು ಸಾಮಾನಿನ ತೂಕಕ್ಕೆ ಕಟ್ಟಿತ್ತು. 1999ರ ಮಾಂಟ್ರಿಯಲ್ ಒಪ್ಪಂದ ಆ ಮಿತಿಯನ್ನು ಪ್ರಯಾಣಿಕನ ಲೆಕ್ಕಕ್ಕೆ ತಂದಿತು. ಭಾರತ 2009ರಲ್ಲಿ ಅದಕ್ಕೆ ಸೇರಿತು. ಅದರಂತೆ ಸಾಮಾನು ಹಾನಿಗೊಂಡಿದ್ದರೆ ಕೈಸೇರಿದ 7 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಆದರೆ ಪೆಟ್ಟಿಗೆಯ ಸ್ವಂತ ದೋಷದಿಂದಲೇ ಹಾನಿಯಾಗಿದ್ದರೆ ಅಷ್ಟರ ಮಟ್ಟಿಗೆ ವಿಮಾನ ಸಂಸ್ಥೆ ಹೊಣೆಯಲ್ಲ. ಕಳಪೆ ಪೆಟ್ಟಿಗೆ ಕೊಂಡವನಿಗೆ ಎರಡು ಕಡೆಯಿಂದಲೂ ನಷ್ಟ.

ಈ ನಷ್ಟ ಎಲ್ಲರಿಗೂ ಒಂದೇ ಅಲ್ಲ. 1970ರ ದಶಕದ ತೈಲದ ಏರಿಕೆಯ ನಂತರ ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಅನೇಕ. 2006ರಲ್ಲಿ ಮಂಗಳೂರಿನಿಂದ ನೇರ ಅಂತಾರಾಷ್ಟ್ರೀಯ ವಿಮಾನ ಆರಂಭವಾಗುವ ತನಕ ಬಹಳಷ್ಟು ಮಂದಿ ಮುಂಬೈ ಮೂಲಕವೇ ಹೋಗಿಬರಬೇಕಿತ್ತು. ಹಗ್ಗದಿಂದ ಬಿಗಿದು, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಊರು ಬರೆದ ಅವರ ಪೆಟ್ಟಿಗೆಗಳನ್ನು ಕಂಡು ನಕ್ಕವರಿದ್ದಾರೆ. ಆದರೆ ಆ ಹಗ್ಗ ಅಜ್ಞಾನದ್ದಲ್ಲ, ಲೆಕ್ಕಾಚಾರದ್ದು. ಬೀಗ ಕಿತ್ತರೂ ಮುಚ್ಚಳ ತೆರೆಯದಿರಲಿ, ಎರಡು ವರ್ಷದ ದುಡಿಮೆಯಲ್ಲಿ ಮನೆಯವರಿಗೆಂದು ಕೊಂಡದ್ದು ದಾರಿಯಲ್ಲಿ ಚೆಲ್ಲದಿರಲಿ ಎಂಬ ಎಚ್ಚರ ಅದು. ಪೆಟ್ಟಿಗೆ ಮೈಯಲ್ಲಲ್ಲ, ಬೀಗ ಕೀಲುಗಳಲ್ಲಿ ಸೋಲುತ್ತದೆ ಎಂಬುದನ್ನು ಅವರು ಅನುಭವದಿಂದಲೇ ಅರಿತಿದ್ದರು.