ಸುಗಂಧ ಹುಲ್ಲುಗಳು ಮತ್ತು ಮೇವಿನ ರುಚಿ

ರೋಷಾ ಹುಲ್ಲು, ಮಜ್ಜಿಗೆ ಹುಲ್ಲು ಮೊದಲಾದ ಸಿಂಬೊಪೋಗನ್ ಕುಲದ ಹುಲ್ಲುಗಳ ಎಲೆಯಲ್ಲಿ ಬೇಗ ಆವಿಯಾಗುವ ಸುಗಂಧ ತೈಲವಿದೆ. ಇವನ್ನು ದನ ಮೂಸಿ ಬಿಡುತ್ತದೆ ಎಂಬುದು ರೂಢಿಯ ಮಾತು. ಹಳೆಯ ದಾಖಲೆಯೊಂದು ಇದಕ್ಕೆ ತೀರ ವಿರುದ್ಧವಾಗಿದೆ.

ಟಿಪ್ಪು ಸುಲ್ತಾನನ ಮೇಲಿನ 1791–92ರ ಯುದ್ಧಕ್ಕೆ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನೊಂದಿಗೆ ಬಂದಿದ್ದ ಸೇನಾಧಿಕಾರಿ ಕ್ಲಾಡ್ ಮಾರ್ಟಿನ್, ಬಾಲಾಘಾಟ್ ಎನ್ನಲಾಗುತ್ತಿದ್ದ ಘಟ್ಟದ ಮೇಲಿನ ಸೀಮೆಯಲ್ಲಿ ಖಾರವಾದ, ಘಾಟು ಪರಿಮಳದ ಉದ್ದ ಹುಲ್ಲೊಂದನ್ನು ಕಂಡ. ದನಗಳು ಅದಕ್ಕೆ ಮುಗಿಬೀಳುತ್ತವೆ, ಅದರ ವಾಸನೆ ಮಾಂಸ, ಹಾಲು, ಬೆಣ್ಣೆಗೂ ಇಳಿಯುತ್ತದೆ ಎಂದು ಬರೆದು, ಬೇರು ಬೀಜಗಳನ್ನು ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್‌ಗೆ ಕಳಿಸಿದ. ರಾಕ್ಸ್‌ಬರ್ಗ್ ಸಸ್ಯಕ್ಕೆ ಮಾರ್ಟಿನ್‌ನ ಹೆಸರನ್ನೇ ಇಟ್ಟ. ಇಂದಿನ ರೋಷಾ ಹುಲ್ಲು ಅದೇ. ಈ ಸಾಕ್ಷ್ಯವನ್ನು ಎಚ್ಚರಿಕೆಯಿಂದ ತೂಗಬೇಕು. 1791ರ ಮೇ ತಿಂಗಳಲ್ಲಿ ಮೇವಿಲ್ಲದೆ ಸೇನೆಯ ಎತ್ತುಗಳು ಸತ್ತು, ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಿಂದ ಹಿಂದೆಗೆಯಬೇಕಾಯಿತು. ಹಸಿದ ಎತ್ತು ಆರಿಸಿ ತಿನ್ನುವುದಿಲ್ಲ. ಆದರೆ ಹಾಲು ಬೆಣ್ಣೆಯ ಮಾತು ಬಂದಿರುವುದರಿಂದ ಕರೆಯುವ ಹಸುಗಳೂ ಅದನ್ನು ಮೇಯುತ್ತಿದ್ದವೆನ್ನಬೇಕು.

1906ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಆಟೊ ಸ್ಟಾಪ್ಫ್ ಭಾರತ ಮತ್ತು ಸಿಂಹಳದ ತೈಲಹುಲ್ಲುಗಳನ್ನು ವಿಂಗಡಿಸಿದ. ನೋಡಲು ಒಂದೇ ತೆರನಾದ ರೋಷಾದಲ್ಲೇ ಮೋತಿಯಾ, ಸೋಫಿಯಾ ಎಂಬ ಎರಡು ಬಗೆಗಳಿವೆ, ಅವುಗಳ ತೈಲ ಬೇರೆ ಬೇರೆ. ಹೀಗಾಗಿ ‘ರೋಷಾ’ ಎಂದಷ್ಟೇ ಬರೆದ ಹಳೆಯ ಟಿಪ್ಪಣಿಗಳಿಂದ ರುಚಿಯನ್ನು ನಿರ್ಣಯಿಸಲಾಗದು.

ದೆಹಲಿಯ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1973ರಲ್ಲಿ ದಬಡಘಾವ್ ಮತ್ತು ಶಂಕರನಾರಾಯಣ್ ಅವರ ಭಾರತದ ಹುಲ್ಲುಹೊದಿಕೆಯ ಗ್ರಂಥವನ್ನು ಪ್ರಕಟಿಸಿತು. ಅದರಲ್ಲಿ ದೆಹಲಿ ಪ್ರದೇಶ ಸೇರುವುದು ಡೈಕ್ಯಾಂಥಿಯಂ–ಸೆಂಕ್ರಸ್–ಲ್ಯಾಸಿಯೂರಸ್ ಎಂಬ ಹುಲ್ಲುಗಳ ವಲಯಕ್ಕೆ. ಈ ವಲಯದ ಗೋಮಾಳಗಳಲ್ಲಿ ದನಗಳು ಮೆತ್ತನೆಯ ಹುಲ್ಲನ್ನು ಮೊದಲು ಮೇದು ಮುಗಿಸುತ್ತವೆ, ಉಳಿದ ಘಾಟು ಹುಲ್ಲಿಗೆ ಜಾಗ ತೆರವಾಗುತ್ತದೆ. ಎಳೆಯದಿದ್ದಾಗ ಬಾಯಿಗೆ ಹಿಡಿಸಿದ ಘಾಟು ಹುಲ್ಲನ್ನೇ ಹೂಬಿಟ್ಟ ಮೇಲೆ ದನ ಒಲ್ಲೆನ್ನುತ್ತದೆ. ಅಷ್ಟರಲ್ಲಿ ಕಾಂಡವೂ ನಾರಾಗಿರುವುದರಿಂದ, ತಪ್ಪನ್ನೆಲ್ಲ ವಾಸನೆಯ ಮೇಲೆ ಹೊರಿಸುವುದು ಸರಿಯಲ್ಲ.

ಇಂಥ ತೈಲ ಹೊಟ್ಟೆ ಸೇರಿದ ಮೇಲೆ ಏನಾಗುತ್ತದೆ? ಅಮೆರಿಕದಲ್ಲಿ 1964ರಲ್ಲಿ ನಾಗಿ ಮತ್ತು ಸಂಗಡಿಗರು, ಸೇಜ್‌ಬ್ರಷ್ ಎಂಬ ಸುಗಂಧ ಪೊದೆಯ ತೈಲ ಜಿಂಕೆಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆಂದು ತೋರಿಸಿದರು. 1982ರ ಅಧ್ಯಯನದಲ್ಲಿ ಆ ಹೊಟ್ಟೆಯೊಳಗೆ ಸಿಕ್ಕ ತೈಲಾಂಶ ನಿರೀಕ್ಷೆಗಿಂತ ಬಹಳ ಕಡಿಮೆ ಇತ್ತು. ಅಗಿಯುವಾಗ, ಮೆಲುಕು ಹಾಕುವಾಗ ತೈಲ ಹಾರಿಹೋಗುವುದು ಇದಕ್ಕೊಂದು ಕಾರಣ. 2006ರಲ್ಲಿ ಯುರೋಪ್ ಒಕ್ಕೂಟ ಪಶು ಆಹಾರದಲ್ಲಿ ಬೆಳವಣಿಗೆಗಾಗಿ ಪ್ರತಿಜೈವಿಕ ಬಳಸುವುದನ್ನು ನಿಲ್ಲಿಸಿದ ಬಳಿಕ ಸೂಕ್ಷ್ಮಜೀವಿಗಳನ್ನು ತಡೆಯುವ ಇಂಥ ಸುಗಂಧ ತೈಲಗಳು ಮಿತವಾದ ಪೂರಕಗಳಾಗಿ ಮರಳಿದವು.

ಹಾಲಿಗೆ ವಾಸನೆ ಇಳಿಯುತ್ತದೆಂಬ ಮಾರ್ಟಿನ್‌ನ ಮಾತಿಗೆ ಇಂದಿಗೂ ಬೆಲೆಯಿದೆ: ಘಾಟು ಮೇವನ್ನು ಕರೆಯುವ ಮುಂಚೆ ಹಾಕದೆ, ಕರೆದ ಮೇಲೆ ಹಾಕಬೇಕು.